ಕ್ಯಾರಲ್ (ಕ್ರಿಸ್‌ಮಸ್ ಹಾಡು) ಪ್ರಾಕ್ಟೀಸ್‌ನಿಂದ ಕಳೆದ ವರ್ಷ ನಮ್ಮ ಚರ್ಚ್ ಸಭೆಯಲ್ಲಿ ಜ್ವರ ಹರಡಿತು, ಈ ಸಲ ಏನು ಮಾಡಬೇಕು?

ಆಲ್ಟೊ_ಅಕ್ಕ

ಎಲ್ಲರಿಗೂ ವಂದನೆಗಳು. ನಾನು ಮಲೆನಾಡಿನ ಒಂದು ಸಣ್ಣ ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಸುಮಾರು 110 ಮನೆಗಳ ಸಭೆ. ಕ್ವಾಯರ್‌ನಲ್ಲಿ ಹಾಡುತ್ತೇನೆ, ಈ ವರ್ಷ ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲೂ ಇದ್ದೇನೆ. ಅದಕ್ಕೇ ಈ ಪ್ರಶ್ನೆ ನನ್ನ ತಲೆಯ ಮೇಲೆ ಬಂದಿದೆ.

ಕಳೆದ ಡಿಸೆಂಬರ್‌ನಲ್ಲಿ ಕ್ಯಾರಲ್ ಪ್ರಾಕ್ಟೀಸನ್ನು ವೆಸ್ಟ್ರಿಯಲ್ಲಿ, ಅಂದರೆ ಚರ್ಚಿಗೆ ಅಂಟಿದ ಕೋಣೆಯಲ್ಲಿ, ಇಟ್ಟುಕೊಂಡಿದ್ದೆವು. ಸಣ್ಣ ಕೋಣೆ, 24 ಜನ, ಎರಡು ಗಂಟೆ. ಚಳಿ ಅಂತ ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದೆವು. ಬೇಸ್ (ತಗ್ಗಿನ ದನಿ) ಹಾಡುವ ಅಂಕಲ್ ಒಬ್ಬರಿಗೆ ಅವತ್ತು ಮೈ ಬೆಚ್ಚಗಿತ್ತು, ಕೆಮ್ಮೂ ಇತ್ತು. ಅವರು ಬರಲ್ಲ ಅಂದಿದ್ದರು. ಅವರಿಲ್ಲದಿದ್ದರೆ ಬೇಸ್ ನಿಲ್ಲುವುದೇ ಇಲ್ಲ ಅಂತ ನಾವೇ ಫೋನ್ ಮಾಡಿ ಕರೆಸಿದೆವು. ಫೋನ್ ಮಾಡಿದ್ದು ನಾನೇ. ನಾಲ್ಕು ದಿನದಲ್ಲಿ 13 ಜನಕ್ಕೆ ಜ್ವರ. ಅಷ್ಟರಲ್ಲಿ ಮನೆ ಮನೆಗೆ ಕ್ಯಾರಲ್ಸ್ ಕೂಡ ಶುರುವಾಗಿತ್ತು, ಪ್ರತಿ ಮನೆಯ ಹಜಾರದಲ್ಲೂ ನಿಂತು ಹಾಡಿ, ಕೇಕ್ ತಿಂದು ಬಂದೆವು. ಇಬ್ಬರು ವಯಸ್ಸಾದವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಒಬ್ಬ ಅಜ್ಜಿಗೆ ನ್ಯುಮೋನಿಯಾ ಆಗಿ ಒಂಬತ್ತು ದಿನ ಅಲ್ಲೇ ಇದ್ದರು. ಈಗಲೂ ಚರ್ಚ್ ಮೆಟ್ಟಿಲು ಹತ್ತುವಾಗ ನಡುವೆ ಒಂದು ಸಲ ನಿಲ್ಲುತ್ತಾರೆ. ಅದನ್ನು ನೋಡಿದಾಗಲೆಲ್ಲ ಆ ಫೋನ್ ಕರೆ ನೆನಪಾಗುತ್ತದೆ.

ಈ ವರ್ಷ ಕಮಿಟಿಯಲ್ಲಿ ಚರ್ಚೆ ಶುರುವಾಗಿದೆ. ಕೆಲವರು ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟು, ಶನಿವಾರ ಚರ್ಚ್ ಒಳಗೆಲ್ಲ ಔಷಧಿ ಸ್ಪ್ರೇ ಮಾಡಿಸೋಣ ಅನ್ನುತ್ತಾರೆ. ಕೆಲವರು ಕರ್ತನ ಭೋಜನಕ್ಕೆ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ) ಎಲ್ಲರೂ ಕುಡಿಯುವ ಒಂದೇ ಪಾತ್ರೆ ಬೇಡ, ಸಣ್ಣ ಸಣ್ಣ ಲೋಟ ತರೋಣ ಅನ್ನುತ್ತಾರೆ, ಅದಕ್ಕೆ ಹಿರಿಯರಿಗೆ ತುಂಬ ಬೇಜಾರಾಗಿದೆ. ಇನ್ನು ಕೆಲವರು ದೇವರ ಮನೆಯಲ್ಲಿ ರೋಗ ಬರಲ್ಲ, ನಂಬಿಕೆ ಇಡಿ ಅನ್ನುತ್ತಾರೆ. ಮುಂದಿನ ಭಾನುವಾರ ಆರಾಧನೆ ಆದ ಮೇಲೆ ಮೀಟಿಂಗ್. ನಿಜವಾಗಿ ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಸುಮ್ನೆ ಸಮಾಧಾನಕ್ಕೆ ಮಾಡುವುದು, ತಿಳಿದವರು ಹೇಳಿ ದಯವಿಟ್ಟು.

ವಾರ್ಡ್_ಸಿಸ್ಟರ್_ಹುಬ್ಬಳ್ಳಿ

ಅಕ್ಕ, ನಾನು ನರ್ಸ್, 18 ವರ್ಷದಿಂದ ವಾರ್ಡ್ ಕೆಲಸ. ನೇರವಾಗಿ ಹೇಳುತ್ತೇನೆ. ನಿಮ್ಮ ಸಭೆಯಲ್ಲಿ ಜ್ವರ ಹರಡಿದ್ದು ಹೆಚ್ಚಾಗಿ ಆ ಮುಚ್ಚಿದ ಕೋಣೆಯ ಗಾಳಿಯಿಂದ. ಪಾತ್ರೆ, ಬೆಂಚು, ಬಾಗಿಲ ಚಿಲಕ ಎಲ್ಲ ಆಮೇಲಿನ ಮಾತು.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಒಂದು ಗಾಯನ ತಂಡ ಪ್ರಾಕ್ಟೀಸ್ ಮಾಡಿತು, ಅದೂ ಒಂದು ಚರ್ಚಿನ ಹಾಲ್‌ನಲ್ಲೇ. 61 ಜನ, ಎರಡೂವರೆ ಗಂಟೆ. ಅವರಲ್ಲಿ ಒಬ್ಬರಿಗೆ ಆಗಲೇ ನೆಗಡಿಯ ಹಾಗೆ ಶುರುವಾಗಿತ್ತು. ಬಾಗಿಲಲ್ಲೇ ಸ್ಯಾನಿಟೈಸರ್ ಕೊಟ್ಟಿದ್ದರು, ತಬ್ಬಿಕೊಳ್ಳುವುದು, ಕೈ ಕುಲುಕುವುದು ಬಿಟ್ಟಿದ್ದರು. ಆದರೂ 53 ಜನ ಕೋವಿಡ್‌ಗೆ ಸಿಕ್ಕಿಬಿದ್ದರು, 33 ಮಂದಿಯದು ಟೆಸ್ಟ್‌ನಲ್ಲೇ ಖಚಿತವಾಯಿತು. ಇಬ್ಬರು ತೀರಿಕೊಂಡರು. ಹಾಡುವಾಗ ನಾವು ಎದೆ ತುಂಬ ಉಸಿರು ಎಳೆದು ಜೋರಾಗಿ ಬಿಡುತ್ತೇವೆ ಅಲ್ವಾ, ಮಾತಿಗಿಂತ ಜಾಸ್ತಿ ಸಣ್ಣ ಹನಿಗಳು ಗಾಳಿಗೆ ಹೋಗುತ್ತವೆ. ಕಿಟಕಿ ಮುಚ್ಚಿದ್ದರೆ ಅವು ಅಲ್ಲೇ ತೇಲುತ್ತಿರುತ್ತವೆ.

ನಿಮ್ಮದು ಕೋವಿಡ್ಡೋ ಫ್ಲೂ ಜ್ವರವೋ ನನಗೆ ಗೊತ್ತಿಲ್ಲ. ಫ್ಲೂ ಆದರೆ ಲೆಕ್ಕ ಸರಿಯಾಗಿ ಕೂರುತ್ತದೆ. ತಗುಲಿದ ಮೇಲೆ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಬರುತ್ತದೆ. ಇನ್ನೊಂದು ತೊಂದರೆ ಏನೆಂದರೆ ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ಆ ವ್ಯಕ್ತಿ ಬೇರೆಯವರಿಗೆ ಹಂಚಲು ಶುರು ಮಾಡಿರುತ್ತಾನೆ, ಆಮೇಲೂ ಐದರಿಂದ ಏಳು ದಿನ ಹಂಚುತ್ತಾನೆ. ಅಂದರೆ ಹುಷಾರಿಲ್ಲದವರು ಬರದಿದ್ದರೆ ತುಂಬಾ ಉಳಿಯುತ್ತದೆ, ಆದರೆ ಪೂರ್ತಿ ಅಲ್ಲ. ಅದಕ್ಕೇ ಗಾಳಿಯೂ ಬೇಕು.

ನಾನಾಗಿದ್ದರೆ ಮಾಡುವುದು ಇಷ್ಟು. ಪ್ರಾಕ್ಟೀಸನ್ನು ವೆಸ್ಟ್ರಿಯಿಂದ ಚರ್ಚ್ ಒಳಗೆ ತರುತ್ತೇನೆ. ಎದುರು ಬದುರಿನ ಕಿಟಕಿ ತೆರೆಸುತ್ತೇನೆ, ಚಳಿಗೆ ಸ್ವೆಟರ್ ಹಾಕಿಕೊಂಡು ಬನ್ನಿ ಅನ್ನುತ್ತೇನೆ. ಅರ್ಧ ಗಂಟೆಗೆ ಒಂದು ಸಲ ಎಲ್ಲರನ್ನೂ ಅಂಗಳಕ್ಕೆ ಕಳಿಸುತ್ತೇನೆ. ಪ್ಯಾರಾಸಿಟಮಾಲ್ ತೆಗೆದುಕೊಳ್ಳದೇ ಪೂರ್ತಿ ಒಂದು ದಿನ ಜ್ವರ ಇಲ್ಲದಿದ್ದರೆ ಮಾತ್ರ ವಾಪಸ್ ಬನ್ನಿ ಅನ್ನುತ್ತೇನೆ, ಬಂದ ಮೇಲೂ ನಾಲ್ಕೈದು ದಿನ ಮಾಸ್ಕ್ ಇರಲಿ. ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಬರುವವರೇ ಹಬ್ಬದಲ್ಲಿ ಜಾಸ್ತಿ.

ಗಾಳಿಗೆ ಔಷಧಿ ಸ್ಪ್ರೇ ಮಾಡಿಸುವ ದುಡ್ಡು ಉಳಿಸಿ. ಅದರಿಂದ ಜ್ವರ ನಿಲ್ಲುವುದಿಲ್ಲ, ಅಸ್ತಮಾ ಇರುವವರಿಗೆ ಉಸಿರು ಕಟ್ಟುತ್ತದೆ ಅಷ್ಟೇ. ಆ ದುಡ್ಡಲ್ಲಿ 60 ದಾಟಿದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಫ್ಲೂ ಲಸಿಕೆ ಹಾಕಿಸಲು ಸಹಾಯ ಮಾಡಿ. ಅದನ್ನು ಪ್ರತಿ ವರ್ಷ ಹಾಕಿಸಬೇಕು, ಮೈಯಲ್ಲಿ ಕೆಲಸ ಶುರುವಾಗಲು ಸುಮಾರು ಎರಡು ವಾರ ಬೇಕು. ಕ್ರಿಸ್‌ಮಸ್ ವಾರದಲ್ಲಿ ಓಡಿದರೆ ಪ್ರಯೋಜನ ಇಲ್ಲ, ನವೆಂಬರ್‌ನಲ್ಲೇ ಮುಗಿಸಿ.

ಸಿವಿಲ್_ಹುಡುಗ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ನಾನು ಕಟ್ಟಡದ ಕೆಲಸ ಮಾಡುವವನು. ನಮ್ಮ ಹಳೆಯ ಚರ್ಚುಗಳನ್ನು ಒಂದು ಸಲ ತಲೆ ಎತ್ತಿ ನೋಡಿ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ, ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಕಾಲದ ಕಟ್ಟಡಗಳಿಗೆ ಎತ್ತರದ ಹಂಚಿನ ಮಾಡು, ಎರಡೂ ಕಡೆ ಉದ್ದ ಕಿಟಕಿ. ಬಿಸಿ ಗಾಳಿ ಮೇಲೇರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ, ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಕರೆಂಟೇ ಇಲ್ಲದ ಕಾಲದ ವ್ಯವಸ್ಥೆ ಅದು.

ಈಗ ನಾವು ಏನು ಮಾಡಿದ್ದೇವೆ? ರಿನೋವೇಶನ್ ಅಂತ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಿಸಿ, ಮರದ ಕಿಟಕಿ ಕಿತ್ತು ಸ್ಲೈಡಿಂಗ್ ಗಾಜು ಹಾಕಿಸಿದೆವು. ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ಅರ್ಧ ಮಾತ್ರ ತೆರೆಯುತ್ತದೆ. ಮೇಲಿಂದ ಎಸಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ಸಣ್ಣ ಕಾರ್ಬನ್ ಡೈಆಕ್ಸೈಡ್ ಮೀಟರ್ ತನ್ನಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ತೋರಿಸುತ್ತದೆ. ಜನ ಉಸಿರಾಡಿದ ಹಾಗೆ ಒಳಗೆ ಏರುತ್ತದೆ. 800ರ ಒಳಗೆ ಇದ್ದರೆ ಗಾಳಿ ಚೆನ್ನಾಗಿ ಓಡಾಡುತ್ತಿದೆ ಅಂತ ಅರ್ಥ. ನಮ್ಮ ಚರ್ಚಿನಲ್ಲಿ ಒಂದು ಭಾನುವಾರ ಪ್ರಸಂಗದ (ಉಪದೇಶದ) ಹೊತ್ತಿಗೆ 1900 ದಾಟಿತ್ತು, ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಎದುರಿನ ಬಾಗಿಲು ತೆರೆದಿಟ್ಟ ಮೇಲೆ ಅದೇ ಹೊತ್ತಿಗೆ 900ರ ಹತ್ತಿರ ಬಂತು. ಕಮಿಟಿಯಲ್ಲಿ ವಾದ ಮಾಡುವುದಕ್ಕಿಂತ ಆ ನಂಬರನ್ನು ಹಿರಿಯರ ಕೈಗೆ ಕೊಟ್ಟು ತೋರಿಸಿ, ಬೇಗ ಒಪ್ಪುತ್ತಾರೆ.

ನಿವೃತ್ತ_ಸಭಾಪಾಲಕ

ಮಗಳೇ, ಪಾತ್ರೆಯ ವಿಷಯಕ್ಕೆ ನಾನು ಬರುತ್ತೇನೆ. ಹಿರಿಯರ ಬೇಜಾರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಪಾತ್ರೆಯಿಂದ ಕುಡಿಯುವುದು ನಮ್ಮ ನಾಡಿನಲ್ಲಿ ಸಣ್ಣ ಸಂಗತಿಯಲ್ಲ. ಒಬ್ಬರು ಮುಟ್ಟಿದ ಲೋಟವನ್ನು ಇನ್ನೊಬ್ಬರು ಮುಟ್ಟದ ಊರುಗಳಲ್ಲಿ ನಮ್ಮ ಅಜ್ಜ ಅಜ್ಜಿಯರು ಸಾಲಾಗಿ ಮೊಣಕಾಲೂರಿ ಒಂದೇ ಪಾತ್ರೆಗೆ ತುಟಿ ಇಟ್ಟರು. ಅವರಿಗೆ ಅದರ ಬೆಲೆ ಗೊತ್ತು. ಸಣ್ಣ ಲೋಟ ಅಂದ ಕೂಡಲೇ ಅವರಿಗೆ ಹಳೆಯ ಗಾಯ ನೆನಪಾಗುತ್ತದೆ.

ಆದರೂ ಕಾಯಿಲೆಯ ಕಾಲದಲ್ಲಿ ಬದಲಾಯಿಸುವುದು ಪಾಪವಲ್ಲ. 2009ರಲ್ಲಿ ಹಂದಿ ಜ್ವರ ಬಂದಾಗ ಇಂಗ್ಲೆಂಡಿನ ಸಭೆಯ ಆರ್ಚ್‌ಬಿಷಪ್ಪರೇ ಪಾತ್ರೆ ಹಂಚುವುದನ್ನು ಸ್ವಲ್ಪ ಕಾಲ ನಿಲ್ಲಿಸಲು ಸಲಹೆ ಕೊಟ್ಟಿದ್ದರು. ರೊಟ್ಟಿ ಮಾತ್ರ ತೆಗೆದುಕೊಂಡವರಿಗೆ ಕರ್ತನ ಭೋಜನ ಅರ್ಧ ಆಗುವುದಿಲ್ಲ, ಪೂರ್ತಿಯೇ. ಇದನ್ನು ಹಿರಿಯರಿಗೆ ಸಮಾಧಾನದಿಂದ ಹೇಳಿಕೊಡಬೇಕು.

ಪಾತ್ರೆಯಿಂದ ಕಾಯಿಲೆ ಹರಡುವ ಅಪಾಯ ಕಡಿಮೆ ಅನ್ನುತ್ತಾರೆ ವೈದ್ಯರು. ಇಲ್ಲವೇ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಬಟ್ಟೆಯಿಂದ ಅಂಚನ್ನು ಒರೆಸಿ ತಿರುಗಿಸಿ ಕೊಟ್ಟರೆ ಅಪಾಯ ಇನ್ನೂ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ದ್ರಾಕ್ಷಾರಸದಲ್ಲಿ ಮದ್ಯ ಇದೆ, ಪಾತ್ರೆ ಬೆಳ್ಳಿಯದು, ರೋಗಾಣು ಸಾಯುತ್ತವೆ ಅನ್ನುವ ಮಾತು ಕೇಳಿದ್ದೀರಿ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಕೆಲವೇ ಕ್ಷಣದಲ್ಲಿ ಅದು ಆಗುವುದಿಲ್ಲ. ನಮ್ಮ ಎಷ್ಟೋ ಸಭೆಗಳಲ್ಲಿ ಒಣದ್ರಾಕ್ಷಿ ಕುದಿಸಿ ಮಾಡಿದ ರಸವೇ ಇರುತ್ತದೆ, ಅದರಲ್ಲಿ ಮದ್ಯವೇ ಇಲ್ಲ. ರೊಟ್ಟಿಯನ್ನು ಅದ್ದಿ ತೆಗೆದುಕೊಳ್ಳುವುದು ಸುರಕ್ಷಿತ ಅಂತ ತುಂಬಾ ಜನ ತಿಳಿದಿದ್ದಾರೆ. ನಾನು 30 ವರ್ಷ ಪಾತ್ರೆ ಹಿಡಿದು ನಿಂತವನು. ಹತ್ತು ಜನರಲ್ಲಿ ಇಬ್ಬರ ಬೆರಳ ತುದಿ ರಸದಲ್ಲಿ ಮುಳುಗುವುದನ್ನು ಕಣ್ಣಾರೆ ನೋಡಿದ್ದೇನೆ. ಬೆರಳು ತುಟಿಗಿಂತ ಶುಚಿ ಅಲ್ಲ. ಅದ್ದಲೇಬೇಕು ಅಂದರೆ ಅಯ್ಯನವರೇ (ಸಭಾಪಾಲಕರೇ) ಕೈ ತೊಳೆದು, ತಾವೇ ಅದ್ದಿ ಕೊಡಲಿ.

ಆರಾಧನೆಯಲ್ಲಿ ಒಬ್ಬರಿಗೊಬ್ಬರು ಸಮಾಧಾನ ಹೇಳುವಾಗ ನಾವು ಒಬ್ಬರ ಕೈಯನ್ನು ಇನ್ನೊಬ್ಬರ ಎರಡು ಅಂಗೈ ನಡುವೆ ಹಿಡಿಯುತ್ತೇವೆ. ಜ್ವರದ ದಿನಗಳಲ್ಲಿ ಕೈ ಮುಗಿದು, ಕಣ್ಣು ನೋಡಿ ಹೇಳಿದರೆ ಸಾಕು. ಕೈ ಮುಗಿಯುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನು ನಂಬಿಕೆ ಇಡಿ ಅನ್ನುವವರಿಗೆ ಒಂದೇ ಮಾತು. ನಾನು ಮಾಡಿದ ಸಮಾಧಿ ಆರಾಧನೆಗಳಲ್ಲಿ ನನಗಿಂತ ಗಟ್ಟಿ ನಂಬಿಕೆ ಇದ್ದವರು ಎಷ್ಟೋ ಜನ ಇದ್ದರು.

ಅಡಿಗೆ_ಆಂಟಿ

ಎಲ್ಲರೂ ಕೆಮ್ಮು ಜ್ವರ ಅಂತಲೇ ಹೇಳುತ್ತಿದ್ದೀರಿ, ಊಟದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಸ್ತ್ರೀಯರ ಸಂಘದಲ್ಲಿ 20 ವರ್ಷದಿಂದ ಸಹಭೋಜನದ ಅಡಿಗೆ ನೋಡಿಕೊಳ್ಳುತ್ತಿದ್ದೇನೆ. ಒಂದು ಸುಗ್ಗಿ ಹಬ್ಬದಲ್ಲಿ ಜನ ಚರ್ಚಿಗೆ ತಂದ ಬೆಳೆಯ ಹರಾಜು ತಡವಾಗಿ, ಬೆಳಿಗ್ಗೆ ಹತ್ತಕ್ಕೆ ಇಳಿಸಿದ ಅನ್ನ ಎರಡೂವರೆಗೆ ಬಡಿಸಿದೆವು. ರಾತ್ರಿ ಹೊತ್ತಿಗೆ ಮಕ್ಕಳಿಗೆಲ್ಲ ವಾಂತಿ. ಇಳಿಸಿದ ಅನ್ನವನ್ನು ಎರಡು ಗಂಟೆಗಿಂತ ಜಾಸ್ತಿ ಹಾಗೇ ಬಿಡಬಾರದು, ಬಿಟ್ಟರೆ ಅದರಲ್ಲಿ ವಿಷ ಹುಟ್ಟುತ್ತದೆ, ಆಮೇಲೆ ಮತ್ತೆ ಬಿಸಿ ಮಾಡಿದರೂ ಅದು ಹೋಗಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು. ಈಗ ನಾವು ಎರಡು ಸರ್ತಿ ಅನ್ನ ಮಾಡುತ್ತೇವೆ. ಹರಾಜು ಎಷ್ಟೇ ಬಿಸಿ ಏರಲಿ, ಹನ್ನೆರಡೂವರೆಗೆ ಗಂಟೆ ಹೊಡೆದು ಊಟಕ್ಕೆ ಕೂರಿಸುತ್ತೇವೆ.

ಇನ್ನೊಂದು ನೀರಿನ ಡ್ರಮ್. ಪ್ರತಿ ಚರ್ಚಿನ ಮೂಲೆಯಲ್ಲೂ ಒಂದು ಇರುತ್ತದೆ, ಮೇಲೆ ತಟ್ಟೆ, ತಟ್ಟೆ ಮೇಲೆ ಒಂದೇ ಸ್ಟೀಲ್ ಲೋಟ. ಆರಾಧನೆ ಬಿಟ್ಟ ಕೂಡಲೇ ಸಂಡೇ ಸ್ಕೂಲ್ ಮಕ್ಕಳು ಓಡಿ ಬಂದು ಮೊಣಕೈ ತನಕ ಅದ್ದಿ ನೀರು ತೆಗೆಯುತ್ತಾರೆ, ಕುಡಿದು ಉಳಿದಿದ್ದನ್ನು ಮತ್ತೆ ಅದರೊಳಗೇ ಸುರಿಯುತ್ತಾರೆ. ಪಾತ್ರೆಯ ಬಗ್ಗೆ ಅಷ್ಟು ಜಗಳ ಆಡುವ ನಾವು ಈ ಲೋಟದ ಬಗ್ಗೆ ಯಾಕೆ ಮಾತಾಡಲ್ಲ? ನಲ್ಲಿ ಇರುವ ಕ್ಯಾನ್ ಇಡಿ, ಮನೆಯಿಂದ ಬಾಟಲ್ ತರಲು ಹೇಳಿ.

ವಾಂತಿ ಭೇದಿ ಆದವರು ನಿಂತ ಮೇಲೂ ಎರಡು ದಿನ ಅಡಿಗೆ ಮನೆಗೆ ಬರಬಾರದು, ಬಡಿಸಲೂಬಾರದು. ವಾಂತಿ ಬರಿಸುವ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ಕೈ ತೊಳೆಯುವ ಜಾಗದಲ್ಲಿ ಸೋಪು ಇದೆಯಾ ಅಂತ ಇವತ್ತೇ ಹೋಗಿ ನೋಡಿ, ತೊಂಬತ್ತು ಪಾಲು ಇರಲ್ಲ.

ಕುಡ್ಲದ_ಬಾಯ್

ನಾವು ಮಂಗಳೂರಿನ ಕೆಥೊಲಿಕರು. ನಮ್ಮಲ್ಲಿ ತೊಂದರೆ ಸೊಳ್ಳೆ. ಮಲೇರಿಯ, ಡೆಂಗಿ ಎರಡೂ ನಮ್ಮ ಊರಿಗೆ ಹೊಸದಲ್ಲ. ನವೆಂಬರ್ 2ಕ್ಕೆ ಸತ್ತವರ ದಿನ ಸಮಾಧಿಗಳ ಮೇಲೆ ಹೂವಿನ ಜಾಡಿ ಇಡುತ್ತೇವೆ, ಆಮೇಲೆ ವಾರಗಟ್ಟಲೆ ಯಾರೂ ಆ ಕಡೆ ಹೋಗುವುದಿಲ್ಲ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ ಹತ್ತು ದಿನ ಸಾಕು, ನೀರು ಒಂದು ಮುಷ್ಟಿ ಇದ್ದರೂ ಆದೀತು. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಯುವಜನರು ಈಗ ಜಾಡಿಗಳಿಗೆ ಒದ್ದೆ ಮರಳು ತುಂಬಿಸಿ ಹೂ ಚುಚ್ಚುತ್ತಾರೆ, ಹೂ ಬೇಗ ಬಾಡುವುದೂ ಇಲ್ಲ, ಹುಳು ಆಗುವುದೂ ಇಲ್ಲ. ಬಾಗಿಲ ಬಳಿಯ ತೀರ್ಥದ ಬಟ್ಟಲನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುತ್ತಾರೆ.

ಟೆನರ್_1

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನಗೆ ಐದು ವರ್ಷದ ಹಿಂದೆ ಟಿಬಿ ಬಂದಿತ್ತು. ಮೂರು ತಿಂಗಳು ಕೆಮ್ಮುತ್ತಲೇ ಹಾಡಿದ್ದೇನೆ, ಧೂಳು ಅಂತ ತಿಳಿದಿದ್ದೆ. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಲಿ. ಪರೀಕ್ಷೆ, ಔಷಧಿ ಎರಡೂ ಉಚಿತ. ಚಿಕಿತ್ಸೆ ಮುಗಿಯುವ ತನಕ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ, ಮುಂಚೆ 500 ಇತ್ತು. ನಿಮ್ಮ ಪ್ರಕಟಣೆಯಲ್ಲಿ ಇದನ್ನೂ ಸೇರಿಸಿ ಅಕ್ಕ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಔಷಧಿ ಶುರುವಾಗಿ ಎರಡು ತಿಂಗಳಾದ ಮೇಲೆ ಕಫ ಪರೀಕ್ಷೆ ನೆಗೆಟಿವ್ ಬಂತು, ಇನ್ನು ಯಾರಿಗೂ ಹರಡುವುದಿಲ್ಲ, ಆರಾಧನೆಗೆ ಹೋಗಬಹುದು ಅಂದರು ಡಾಕ್ಟರ್. ಹೋದೆ. ನಾನು ಕೂತ ಬೆಂಚಿನಿಂದ ಒಬ್ಬೊಬ್ಬರೇ ಎದ್ದು ಬೇರೆ ಕಡೆ ಕೂತರು. ಸಹಭೋಜನದಲ್ಲಿ ನನಗೆ ಮಾತ್ರ ಪೇಪರ್ ತಟ್ಟೆ. ಟಿಬಿ ತಟ್ಟೆಯಿಂದಲೂ ಹರಡಲ್ಲ, ಪಾತ್ರೆಯಿಂದಲೂ ಹರಡಲ್ಲ, ಕೈ ಕುಲುಕಿದರೂ ಹರಡಲ್ಲ. ಅದು ಗಾಳಿಯಿಂದ ಹರಡುತ್ತದೆ, ನಾನು ಗೊತ್ತಿಲ್ಲದೆ ಹಾಡಿದ ಆ ಮೂರು ತಿಂಗಳೇ ಅಪಾಯ ಇದ್ದದ್ದು. ಆಗ ಎಲ್ಲರೂ ಪಕ್ಕದಲ್ಲೇ ಕೂತಿದ್ದರು. ಹರಡುವುದು ನಿಂತ ಮೇಲೆ ದೂರ ಹೋದರು. ನಾನು ಎಂಟು ತಿಂಗಳು ಚರ್ಚಿಗೆ ಹೋಗಲಿಲ್ಲ. ಆ ಎಂಟು ತಿಂಗಳಲ್ಲಿ ಫೋನ್ ಮಾಡಿದ್ದು ಒಬ್ಬರೇ, ನಮ್ಮ ಆರ್ಗನ್ ನುಡಿಸುವ ಟೀಚರ್.

ನಿಮ್ಮ ಬೇಸ್ ಅಂಕಲ್ ಜ್ವರದಲ್ಲಿ ಯಾಕೆ ಬಂದರು ಅಂತ ನನಗೆ ಅರ್ಥವಾಗುತ್ತದೆ. ಬರದಿದ್ದರೆ ತಪ್ಪು ತಿಳಿಯುತ್ತಾರೆ, ಇಲ್ಲವೇ ಮರೆತುಬಿಡುತ್ತಾರೆ ಅನ್ನುವ ಭಯ. ಹುಷಾರಿಲ್ಲದವರು ಮನೆಯಲ್ಲಿರಿ ಅಂತ ಬೋರ್ಡ್ ಹಾಕುವುದು ಸುಲಭ. ಮನೆಯಲ್ಲಿ ಉಳಿದವರ ಹತ್ತಿರ ಸಭೆ ಹೋಗುತ್ತದಾ? ಅದನ್ನು ಮೊದಲು ಕಮಿಟಿಯಲ್ಲಿ ಕೇಳಿ. ಅದು ಆದರೆ ಜನ ತಾವಾಗಿಯೇ ಮನೆಯಲ್ಲಿ ಉಳಿಯುತ್ತಾರೆ.

ವಾರ್ಡ್_ಸಿಸ್ಟರ್_ಹುಬ್ಬಳ್ಳಿ

ಟೆನರ್ ಬ್ರದರ್, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಕಿಟಕಿ, ಲಸಿಕೆ ಅಂತ ಅಷ್ಟೆಲ್ಲ ಬರೆದೆ, ಇದೊಂದು ಬಿಟ್ಟಿದ್ದೆ. ವಾರ್ಡಿನಲ್ಲೂ ಇದನ್ನೇ ನೋಡುತ್ತೇವೆ, ಕಾಯಿಲೆ ಮುಚ್ಚಿಡುವವರು ಕೆಟ್ಟವರಲ್ಲ, ಹೇಳಿದರೆ ಒಂಟಿಯಾಗುತ್ತೇನೆ ಅಂತ ಹೆದರಿದವರು.

ಆಲ್ಟೊ_ಅಕ್ಕ

ಮೀಟಿಂಗ್ ಆಯಿತು. ಮೂರು ಗಂಟೆ ಹಿಡಿಯಿತು. ನಿಮ್ಮ ಉತ್ತರಗಳನ್ನು ಫೋನಿನಿಂದ ಓದಿ ಹೇಳಿದೆ. ಟೆನರ್ ಅವರದ್ದನ್ನು ಓದುವಾಗ ನನಗೆ ನಡುವೆ ನಿಲ್ಲಿಸಬೇಕಾಯಿತು, ಅಯ್ಯನವರು ಫೋನ್ ತೆಗೆದುಕೊಂಡು ಉಳಿದಿದ್ದನ್ನು ಓದಿದರು.

ಸ್ಪ್ರೇ ಬೇಡ ಅಂತ ಆಯಿತು. ಆ ದುಡ್ಡು ಲಸಿಕೆಗೆ. ಪಾತ್ರೆಯ ವಿಷಯ ಇನ್ನೂ ಮುಗಿದಿಲ್ಲ, ಡಿಸೆಂಬರ್ ಜನವರಿ ಎರಡು ತಿಂಗಳು ರೊಟ್ಟಿ ಮಾತ್ರ, ಆಮೇಲೆ ಮತ್ತೆ ಕೂತು ಮಾತಾಡೋಣ ಅಂದಿದ್ದಾರೆ. ಕ್ಯಾರಲ್ಸ್‌ಗೆ ಮನೆ ಒಳಗೆ ಹೋಗುವುದಿಲ್ಲ, ಅಂಗಳದಲ್ಲೇ ಹಾಡುವುದು. ನೀರಿನ ಡ್ರಮ್ ಅವತ್ತೇ ಹೋಯಿತು, ಅಡಿಗೆ ಆಂಟಿ ಹೇಳಿದ್ದಕ್ಕೆ ಯಾರೂ ಎದುರು ಮಾತಾಡಲಿಲ್ಲ.

ಬರದವರ ಮನೆಗೆ ಯಾರು ಹೋಗುವುದು ಅಂತ ಬೀದಿವಾರು ಹಂಚಿಕೊಂಡೆವು. ಭಾನುವಾರ ಸಂಜೆಯೊಳಗೆ ಒಂದು ಫೋನ್, ಬೇಕಿದ್ದರೆ ಊಟ, ಬಾಗಿಲ ಹೊರಗೆ ನಿಂತು ಒಂದು ಪ್ರಾರ್ಥನೆ. ಜ್ವರ ಇಳಿದ ಮೇಲೆ ಅಯ್ಯನವರು ಕರ್ತನ ಭೋಜನವನ್ನು ಮನೆಗೇ ತಂದು ಕೊಡುತ್ತಾರೆ. ನನ್ನ ಪಾಲಿಗೆ 14 ಮನೆ ಬಂದಿದೆ.

ನಿನ್ನೆ ಚರ್ಚ್ ಒಳಗೆ ಮೊದಲ ಪ್ರಾಕ್ಟೀಸ್. ಬಡಗಣ ಗೋಡೆಯ ಕಿಟಕಿಗಳು ಬಣ್ಣದ ಮೇಲೆ ಬಣ್ಣ ಹೊಡೆದು ಅಂಟಿಕೊಂಡಿದ್ದವು. ಎಷ್ಟು ವರ್ಷದಿಂದ ಮುಚ್ಚಿದ್ದವೋ. ಹುಡುಗರು ಉಳಿ ಹಾಕಿ ಮೀಟಿ ಮೂರು ತೆರೆದರು, ಒಂದು ಇನ್ನೂ ಬಂದಿಲ್ಲ. ಆರು ಗಂಟೆಗೆ ಬೇಸ್ ಅಂಕಲ್ ಫೋನ್ ಮಾಡಿ, ಗಂಟಲು ಕೆರೆಯುತ್ತಿದೆ ಅಮ್ಮ, ಇವತ್ತು ಬರಲಾ ಬೇಡವಾ ಅಂತ ಕೇಳಿದರು. ಬರಬೇಡಿ ಅಂಕಲ್, ಅಲ್ಲೇ ಲೈನಲ್ಲಿರಿ ಅಂದೆ. ಫೋನನ್ನು ಸ್ಪೀಕರ್‌ಗೆ ಹಾಕಿ ಕೀಬೋರ್ಡ್ ಮೇಲೆ ಇಟ್ಟು ಶುರು ಮಾಡಿದೆವು. ಎರಡನೇ ಹಾಡಿನಲ್ಲಿ ಬೇಸ್ ತಪ್ಪಿತು. ಅಲ್ಲಿಂದಲೇ ಸರಿ ಮಾಡಿಕೊಟ್ಟರು.